ಗೋಡೆ ಮೇಲಿನ ತಪ್ಪು ಜೋಸೆಫ್

ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ನಾವು ನಾಲ್ಕು ಜನ ಕ್ಯಾಂಟೀನಿನ ಮೂಲೆ ಟೇಬಲ್ ಹಿಡಿದು ಕೂತು ಎರಡು ವಾರ ಆಗಿತ್ತು. ಲೈಬ್ರರಿ ಮ್ಯಾನೇಜ್‌ಮೆಂಟ್, ಪಾರ್ಕಿಂಗ್ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಎಲ್ಲವನ್ನೂ ಹಿಂದಿನ ಬ್ಯಾಚಿನವರು ಮ್ಯಾನೇಜ್ ಮಾಡಿ ಮುಗಿಸಿಬಿಟ್ಟಿದ್ದರು. ನಾಲ್ವರಲ್ಲಿ ಮೂವರು ಕಂಪ್ಯೂಟರ್ ಸೈನ್ಸ್: ಹಾಸನದವಳು, ಗದಗಿನವನು, ಬೆಂಗಳೂರಿನವನು. ನಾಲ್ಕನೆಯವನು ಕುಮಟಾದವನು, ಸಿವಿಲ್. ಅವನಿಗೂ ಪ್ರಾಜೆಕ್ಟಿಗೂ ಸಂಬಂಧ ಇಲ್ಲ, ರೂಮ್‌ಮೇಟ್ ಅನ್ನೋ ಕಾರಣಕ್ಕೆ ಬಂದು ನಮ್ಮ ಬಜ್ಜಿ ತಿನ್ನುತ್ತಿದ್ದ. ಆಮೇಲೆ ಅವನೇ ಬಹಳ ಕೆಲಸಕ್ಕೆ ಬಂದ, ಅದು ಬೇರೆ ಮಾತು.

ಹಾಸನದವಳ ಅಕ್ಕ ಕೆನಡಾದ ಮೊಂಕ್ಟನ್ ಎಂಬ ಊರಲ್ಲಿ ಓದುತ್ತಿದ್ದಾರೆ. ಬಾಡಿಗೆಗಿರುವುದು ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಅಜ್ಜಿಗೆ ಎಂಬತ್ತು ದಾಟಿದೆ, ತವರಿನ ಹೆಸರು ಲೆಬ್ಲಾಂ. ನಾವು ಮೊದಲು 'ಲೆಬ್ಲಾಂಕ್' ಅಂತಲೇ ಓದಿದ್ದೆವು. ಫ್ರೆಂಡ್ಸ್ ಸೀರಿಯಲ್ಲಿನ ಜೋಯಿಯ ಪಾತ್ರ ಮಾಡಿದವನ ಹೆಸರೂ ಅದೇ ಅಲ್ವಾ ಅಂದೆವು. ಕೊನೆಯ 'ಕ' ಬಾಯಲ್ಲಿ ಬರಬಾರದು ಅಂತ ಅಕ್ಕ ತಿದ್ದಿದರು. ಬ್ಲಾಂ ಅಂದ್ರೆ ಬಿಳಿ. ನಮ್ಮ ಕರಿಯಪ್ಪ, ಕೆಂಪಯ್ಯನವರ ಸಾಲಿಗೆ ಸೇರುವ ಹೆಸರು.

ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಆ ಅಜ್ಜಿ ಒಂದು ಬಿಸ್ಕತ್ತಿನ ಡಬ್ಬ ತೆಗೆದು ತೋರಿಸಿದರು. ಒಳಗೆ ಚೀಟಿಗಳು, ಹಳೇ ಫೋಟೋಗಳು, ಅವರ ತಾತ ಬರೆದಿಟ್ಟ ಎರಡು ಹಾಳೆ ವಂಶದ ಪಟ್ಟಿ. ಪಟ್ಟಿ ಎಲ್ಲೋ ಮಧ್ಯದಲ್ಲಿ ಕಡಿದುಹೋಗುತ್ತದೆ. 'ನೀವೆಲ್ಲ ಕಂಪ್ಯೂಟರಿನವರಂತೆ, ಇದನ್ನ ದಾನಿಯೆಲ್ ತನಕ ಮುಟ್ಟಿಸ್ತೀರಾ?' ಎಂದು ಕೇಳಿದರು. ಅಕ್ಕ ಅನುವಾದ ಮಾಡಿ ಮುಗಿಸುವ ಮೊದಲೇ ನಾವು ಹೂಂ ಅಂದಾಗಿತ್ತು. ವಿಷಯ ಸಿಕ್ಕಿತಲ್ಲ ಅನ್ನೋ ಖುಷಿಗೆ ಹೂಂ ಅಂದಿದ್ದು, ಅಜ್ಜಿಗೋಸ್ಕರ ಅಂತ ಸುಳ್ಳು ಹೇಳುವುದಿಲ್ಲ.

ಈ ದಾನಿಯೆಲ್ ಯಾರು ಅಂತ ಹೇಳಬೇಕಾದರೆ ಅಕೇಡಿಯಾ ಅಂದರೇನು ಅಂತ ಹೇಳಬೇಕು. ಈಗಿನ ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್ ಇರುವ ಕಡಲತೀರದಲ್ಲಿ ಫ್ರೆಂಚರು 1605ರಲ್ಲಿ ಪೋರ್ಟ್ ರಾಯಲ್ ಎಂಬ ನೆಲೆ ಕಟ್ಟಿದರು. 1630ರ ದಶಕದಿಂದ ಫ್ರಾನ್ಸಿನ ರೈತಾಪಿ ಕುಟುಂಬಗಳು ಅಲ್ಲಿಗೆ ಹೋಗಿ ಬೇರುಬಿಟ್ಟವು. ಅವರೇ ಅಕೇಡಿಯನ್ನರು. ದಾನಿಯೆಲ್ ಲೆಬ್ಲಾಂ ಬಂದದ್ದು 1650ರ ಹೊತ್ತಿಗೆ. ಫ್ರಾನ್ಸಿನ ಯಾವ ಊರಿಂದ ಬಂದ ಅನ್ನುವುದಕ್ಕೆ ಕಾಗದದ ಸಾಕ್ಷಿ ಸಿಕ್ಕಿಲ್ಲ. ಲೂದಾಂ ಸುತ್ತಲಿನ ಹಳ್ಳಿಗಳಿಂದ ಹಲವು ಕುಟುಂಬಗಳು ಬಂದವು ಎಂದು ಜೆನೆವೀವ್ ಮಾಸಿನ್ಯೋಂ ಎಂಬ ಭಾಷಾಶಾಸ್ತ್ರಜ್ಞೆ ವಾದಿಸಿದ್ದಾರೆ. ಆದರೆ ಊಹೆಯನ್ನು ಡೇಟಾಬೇಸಿಗೆ ಹಾಕಲಾಗುವುದಿಲ್ಲ, ಆ ಫೀಲ್ಡನ್ನು ಖಾಲಿ ಬಿಟ್ಟೆವು. ಆ ಒಂದು ವಿಷಯದಲ್ಲಾದರೂ ಮೊದಲ ದಿನದಿಂದ ಶಿಸ್ತಾಗಿದ್ದೆವು.

ಅವನು ನಮಗೆ ಮೊದಲು ಕಣ್ಣಿಗೆ ಬಿದ್ದದ್ದು 1671ರ ಜನಗಣತಿಯಲ್ಲಿ. ಮೋಲಾಂ ಎಂಬ ಪಾದ್ರಿ ಮನೆಮನೆ ತಿರುಗಿ ಬರೆದುಕೊಂಡ ಪಟ್ಟಿ ಅದು. ಇಡೀ ವಸಾಹತಿಗೆ ಸುಮಾರು 400 ಜನ ಅಷ್ಟೇ, ನಮ್ಮ ಹಾಸ್ಟೆಲಿನ ಎರಡು ಬ್ಲಾಕ್ ತುಂಬಲ್ಲ. ದಾನಿಯೆಲ್ ಲೆಬ್ಲಾಂ, ಉಳುವವನು, ವಯಸ್ಸು 45. ಹೆಂಡತಿ ಫ್ರಾನ್ಸ್ವಾಸ್ ಗೋದೆ, 48. ದನಗಳು 18, ಕುರಿಗಳು 26, ಹತ್ತು ಅರ್ಪಾಂ ಜಮೀನು. ಮಕ್ಕಳ ಪೈಕಿ ಅಂತ್ವಾನ್ ಎಂಬ ಒಂಬತ್ತು ವರ್ಷದ ಹುಡುಗ ಇದ್ದಾನೆ, ಅವನನ್ನು ನೆನಪಲ್ಲಿಟ್ಟುಕೊಳ್ಳಿ.

ಈ ಗಣತಿ ಓದುವಾಗ ನಾವು ನಕ್ಕಷ್ಟು ಆ ಸೆಮಿಸ್ಟರಿನಲ್ಲಿ ಇನ್ಯಾವುದಕ್ಕೂ ನಕ್ಕಿಲ್ಲ. ಕೆಲವರು ಪಾದ್ರಿಗೆ ಲೆಕ್ಕ ಕೊಡಲು ಒಪ್ಪಲೇ ಇಲ್ಲ. ಎತಿಯೆನ್ ರೋಬಿಷೋ ಎಂಬವನು ಪಾದ್ರಿಯ ಮುಖವನ್ನೂ ನೋಡದೆ ಮನೆಯಿಂದ ಹೊರಗೆ ಹೋದ. ದನದ ಲೆಕ್ಕ, ಹೊಲದ ಲೆಕ್ಕ ಹೇಳೋದಿಲ್ಲ ಅಂತ ಹೆಂಡತಿ ಕೈಲಿ ಹೇಳಿ ಕಳಿಸಿದ. ದರ್ಜಿ ಪಿಯೆರ್ ಮೆಲಾಂಸೋಂನ ಹೆಂಡತಿಯಂತೂ ಇಂಥದ್ದಕ್ಕೆಲ್ಲ ಬೀದಿ ಸುತ್ತೋಕೆ ನಿಮಗೆ ತಲೆ ಕೆಟ್ಟಿದೆಯಾ ಎನ್ನುವ ಅರ್ಥದಲ್ಲಿ ದಬಾಯಿಸಿದ್ದಾಳೆ. ಪಾಪ, ಪಾದ್ರಿ ಅದನ್ನೂ ನಿಯತ್ತಾಗಿ ಬರೆದಿಟ್ಟಿದ್ದಾರೆ. ರೇಷನ್ ಕಾರ್ಡ್ ಸರ್ವೆಗೆ ಬಂದ ಮೇಷ್ಟ್ರಿಗೆ ನಮ್ಮೂರಲ್ಲಿ ಸಿಗೋ ಮರ್ಯಾದೆಯೂ ಇಷ್ಟೇ ಅಂತ ಗದಗಿನವನು ಹೇಳಿದ. ದನದ ಲೆಕ್ಕ ಕೊಡದವರು ಯಾಕೆ ಕೊಡಲಿಲ್ಲ ಅಂತ ಆಗ ನಾವು ಯೋಚನೆ ಮಾಡಲಿಲ್ಲ.

ದಾನಿಯೆಲ್‌ನ ಹೊಲ ಇದ್ದದ್ದು ಕೋಟೆಯಿಂದ ಬಹಳ ಮೇಲಕ್ಕೆ, ಈಗ ಅನ್ನಾಪೊಲಿಸ್ ಅನ್ನುವ ನದಿಯ ಉತ್ತರ ದಡದಲ್ಲಿ, ಜೌಗು ಬಯಲಿನ ಪಕ್ಕ. ಕಾಡು ಕಡಿಯುವ ಬದಲು ಈ ಜನ ಜೌಗನ್ನು ಯಾಕೆ ಹುಡುಕಿಕೊಂಡು ಹೋದರು ಅಂತ ನಮಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದ್ದು ಸಿವಿಲ್‌ನವನು. ಪಕ್ಕದ ಫಂಡಿ ಕೊಲ್ಲಿಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಉಬ್ಬರ ಇಳಿತ. ಅದರ ಮೇಲ್ತುದಿಯಲ್ಲಿ ನೀರು 16 ಮೀಟರಿನಷ್ಟು ಏರಿ ಇಳಿಯುವುದುಂಟು. ಉಪ್ಪುನೀರು ದಿನಕ್ಕೆ ಎರಡು ಸಲ ಹೊತ್ತು ತಂದು ಹಾಸಿದ ಮಣ್ಣು ಭಾರೀ ಫಲವತ್ತು, ಆದರೆ ಉಪ್ಪು. ಅಕೇಡಿಯನ್ನರು ಸುತ್ತ ಮಣ್ಣಿನ ಒಡ್ಡು ಕಟ್ಟಿ ಅದರ ತಳದಲ್ಲಿ ಮರದ ತೂಬು ಇಟ್ಟರು. ಇದಕ್ಕೆ ಅವರು ಅಬ್ವಾಟೋ ಅನ್ನುತ್ತಾರೆ. ತೂಬಿನೊಳಗೆ ಮೇಲಿಂದ ನೇತಾಡುವ ಒಂದು ಮರದ ಬಾಗಿಲು. ಇಳಿತದ ಹೊತ್ತಿನಲ್ಲಿ ಒಳಗಿನ ಮಳೆನೀರು ತಳ್ಳಿದರೆ ಬಾಗಿಲು ಸಮುದ್ರದ ಕಡೆಗೆ ತೆರೆಯುತ್ತದೆ. ಉಬ್ಬರ ಬಂದರೆ ಸಮುದ್ರವೇ ಅದನ್ನು ಒತ್ತಿ ಮುಚ್ಚುತ್ತದೆ. ಅಂದರೆ ಚೆಕ್ ವಾಲ್ವ್. ಮೋಟಾರು ಬೇಡ, ಆಪರೇಟರ್ ಬೇಡ. ಎರಡು ಮೂರು ವರ್ಷದ ಮಳೆ ಉಪ್ಪನ್ನು ತೊಳೆದ ಮೇಲೆ ಗೋಧಿ ಬಿತ್ತಬಹುದು.

'ಇದು ನಮ್ಮೂರ ಗಜನಿ ಮಾರಾಯಾ!' ಅಂತ ಅವನು ಕುಣಿದ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಿಗೂ ಒಡ್ಡು ಉಂಟು, ಉಬ್ಬರ ತಡೆಯುವ ಹಲಗೆ ಬಾಗಿಲು ಉಂಟು. ಆದರೆ ಅಲ್ಲಿ ಉಪ್ಪನ್ನು ಪೂರ್ತಿ ಓಡಿಸುವುದಿಲ್ಲ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ನೀರು ಬಿಟ್ಟು ಸಿಗಡಿ ಮೀನು ಹಿಡಿಯುತ್ತಾರೆ. ಒಡ್ಡು ಒಬ್ಬನ ಕೈಲಿ ಆಗುವ ಕೆಲಸ ಅಲ್ಲ, ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು, ಹಾಗಾಗಿ ಅಲ್ಲಿ ಅಕ್ಕಪಕ್ಕದವರು ನೆಂಟರಾಗಿಯೇ ಇರಬೇಕು ಅಂದ. ಅವನು ಸುಮ್ಮನೆ ಹೇಳಿದ ಈ ಮಾತು ಆಮೇಲೆ ನಮ್ಮ ಪ್ರೋಗ್ರಾಮಿನ ಕುತ್ತಿಗೆಗೆ ಬಂತು. ಅಕೇಡಿಯನ್ನರೂ ಒಡ್ಡಿನ ಅಕ್ಕಪಕ್ಕದಲ್ಲೇ ಹೆಣ್ಣು ತಂದರು, ಹೆಣ್ಣು ಕೊಟ್ಟರು. ದಾನಿಯೆಲ್‌ನ ಮಕ್ಕಳು ಮೊಮ್ಮಕ್ಕಳು ಗ್ರಾಂ ಪ್ರೇ ಕಡೆ ಹೊಸ ಜೌಗು ಹುಡುಕಿ ಹರಡಿದರು. ಲೆಬ್ಲಾಂಗಳ ಜೊತೆ ಬೂರ್, ಬೂರ್ಜ್ವಾ, ಲಾಂದ್ರಿ, ತೆರಿಯೋ ಇವೇ ಮನೆತನಗಳು ಸುತ್ತಿ ಸುತ್ತಿ ಬರುತ್ತವೆ.

ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಜಾಗ ಇರುತ್ತದೆ. ಇದ್ದ ಜನ 400. ಹಾಗಾದರೆ ಒಬ್ಬನೇ ಹಲವು ಜಾಗದಲ್ಲಿ ಕೂರಲೇಬೇಕು. ನಮ್ಮ ಮೊದಲ ಕೋಡ್ ವಂಶವೃಕ್ಷ ಅಂದರೆ ಟ್ರೀ ಅಂತ ನಂಬಿ ಬರೆದದ್ದು. ಅಜ್ಜಿಯ ಹಾಳೆ ಕೊಟ್ಟ ಕೂಡಲೇ ದಾನಿಯೆಲ್‌ನನ್ನು ಹತ್ತಕ್ಕೂ ಹೆಚ್ಚು ಕಡೆ ಪ್ರಿಂಟ್ ಮಾಡಿತು. ಬಗ್ ಅಂದುಕೊಂಡು ಎರಡು ರಾತ್ರಿ ನಿದ್ದೆಗೆಟ್ಟೆವು. ಬಗ್ ಅಲ್ಲ, ಅದೇ ಸರಿ. ಅದು ಮರ ಅಲ್ಲ, ಬಲೆ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಡೈರೆಕ್ಟೆಡ್ ಎಸೈಕ್ಲಿಕ್ ಗ್ರಾಫ್ ಪಾಠ ಮಾಡುವಾಗ ಇದನ್ನು ಉದಾಹರಣೆ ಕೊಟ್ಟಿದ್ದರೆ ನಾವು ಇಂಟರ್ನಲ್ಸ್‌ನಲ್ಲಿ ಇನ್ನೂ ನಾಲ್ಕು ಮಾರ್ಕ್ಸ್ ತೆಗೀತಿದ್ದೆವು.

ಕಾಗದಗಳ ಕಥೆ ಬೇರೆಯದೇ. ಪೋರ್ಟ್ ರಾಯಲ್ ಚರ್ಚಿನ ರಿಜಿಸ್ಟರುಗಳು 1702ರಿಂದ 1755ರವರೆಗೆ ಉಳಿದಿವೆ. ನೋವಾ ಸ್ಕೋಷಿಯಾದ ಪತ್ರಾಗಾರ ಅವುಗಳ ಪುಟಪುಟವನ್ನೂ ಫೋಟೋ ತೆಗೆದು ನೆಟ್ಟಿನಲ್ಲಿ ಇಟ್ಟಿದೆ. ಅದಕ್ಕಿಂತ ಹಿಂದಿನವು ಹೋದವು. ಗ್ರಾಂ ಪ್ರೇಯ ರಿಜಿಸ್ಟರುಗಳು, 1707ರಿಂದ 1748ರವರೆಗಿನವು, ಈಗ ಇರುವುದು ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ. ಕೆನಡಾದ ಹಳ್ಳಿಯ ಚರ್ಚ್ ಪುಸ್ತಕ ಅಷ್ಟು ದೂರ ಹೇಗೆ ಹೋಯಿತು? ಊರು ಬಿಟ್ಟವರು ಹೊತ್ತುಕೊಂಡು ಹೋದರು.

ಊರು ಬಿಟ್ಟರು ಅನ್ನುವುದೂ ತಪ್ಪು, ಬಿಡಿಸಿದರು. 1713ರಲ್ಲಿ ಆ ನೆಲ ಬ್ರಿಟಿಷರ ಪಾಲಾಗಿತ್ತು. ಬೇಷರತ್ತಾಗಿ ರಾಜನಿಷ್ಠೆಯ ಪ್ರಮಾಣ ಮಾಡಿ ಅಂದರು, ಇವರು ಯುದ್ಧಕ್ಕೆ ಬರಲ್ಲ ಅನ್ನೋ ಷರತ್ತು ಹಿಡಿದು ಕೂತರು. 1755ರ ಸೆಪ್ಟೆಂಬರ್ 5ರಂದು ಗ್ರಾಂ ಪ್ರೇಯ ಚರ್ಚಿಗೆ ಹತ್ತು ವರ್ಷ ಮೇಲ್ಪಟ್ಟ ಗಂಡಸರೆಲ್ಲ ಬರಬೇಕೆಂದು ಕರ್ನಲ್ ಜಾನ್ ವಿನ್‌ಸ್ಲೋ ಡಂಗುರ ಹೊರಡಿಸಿದ. ಬಂದವರು 418 ಜನ. ಬಾಗಿಲಿಗೆ ಕಾವಲು ನಿಲ್ಲಿಸಿ ಆಜ್ಞೆ ಓದಿದ: ಹೊಲ, ಮನೆ, ದನಕರು ಎಲ್ಲ ರಾಜನ ವಶ, ನೀವು ಈ ಪ್ರಾಂತ್ಯದಿಂದ ಹೊರಗೆ. ಮುಂದಿನ ಎಂಟು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಡಗುಗಳಲ್ಲಿ ತುಂಬಿ ಮ್ಯಾಸಚೂಸೆಟ್ಸ್, ಮೇರಿಲ್ಯಾಂಡ್, ಜಾರ್ಜಿಯಾ ಅಂತ ಎಲ್ಲೆಲ್ಲೋ ಚೆಲ್ಲಿದರು. ವರ್ಜೀನಿಯಾದವರು ನಮಗೆ ಬೇಡ ಅಂತ ಇಂಗ್ಲೆಂಡಿಗೇ ಸಾಗಹಾಕಿದರು. ಅಲ್ಲಿ ಉಳಿದವರು 1763ರಲ್ಲಿ ಫ್ರಾನ್ಸಿಗೆ ಹೋದರು. ದಾನಿಯೆಲ್‌ನ ಮೊಮ್ಮಗ, ನೋಟರಿ ರೆನೆ ಲೆಬ್ಲಾಂ, ಬ್ರಿಟಿಷರ ಕಡೆಗೇ ಕೆಲಸ ಮಾಡಿದವನು. ಅವನನ್ನೂ ಬಿಡಲಿಲ್ಲ. ಫಿಲಡೆಲ್ಫಿಯಾದಲ್ಲಿ ಸತ್ತ.

ವಿನ್‌ಸ್ಲೋ ತನ್ನ ದಿನಚರಿಯಲ್ಲಿ ಹೆಸರುಗಳ ಪಟ್ಟಿ ಬರೆದಿಟ್ಟಿದ್ದಾನೆ. ಹೆಸರಿನ ಮುಂದೆ ಕಾಲಮ್ಮುಗಳು: ಗಂಡುಮಕ್ಕಳು, ಹೆಣ್ಣುಮಕ್ಕಳು, ಎತ್ತು, ಹಸು, ಕರು, ಕುರಿ, ಹಂದಿ, ಕುದುರೆ. ನಮಗೆ ಡೇಟಾ ಸಿಕ್ಕಿತು ಅಂತ ಖುಷಿಯಾಗಿ ಆ ಟೇಬಲನ್ನು ಒಳಗೆ ಹಾಕುತ್ತಿದ್ದಾಗ ಹಾಸನದವಳು ಟೈಪ್ ಮಾಡುವುದು ನಿಲ್ಲಿಸಿದಳು. 'ರೋಬಿಷೋ ದನದ ಲೆಕ್ಕ ಯಾಕೆ ಕೊಡ್ಲಿಲ್ಲ ಅಂತ ನಕ್ಕಿದ್ವಲ್ಲ' ಅಂದಳು. ಅವತ್ತು ಅಷ್ಟಕ್ಕೇ ಮುಚ್ಚಿಟ್ಟು ಊಟಕ್ಕೆ ಹೋದೆವು.

ಇನ್ನು ನಮ್ಮ ಪ್ರೋಗ್ರಾಂ. ಬೇರೆ ಬೇರೆ ಕಾಗದದಲ್ಲಿ ಬರುವ ಹೆಸರುಗಳಲ್ಲಿ ಯಾವುದು ಯಾವುದು ಒಬ್ಬನೇ ವ್ಯಕ್ತಿ ಅಂತ ಗುರುತಿಸಿ ಜೋಡಿಸುವುದು ಅದರ ಕೆಲಸ. ಹೆಸರಿನ ಕಾಗುಣಿತ ಹೇಗೇ ಬದಲಾದರೂ ಉಚ್ಚಾರಣೆಯಿಂದ ಹಿಡಿಯುವ ಸೌಂಡೆಕ್ಸ್ ಎಂಬ ಹಳೇ ಉಪಾಯ ಇದೆ, 1918ರ ಪೇಟೆಂಟ್. ಅದನ್ನು ಹಾಕಿದರೆ ಲೆಬ್ಲಾಂ ಒಂದೇ ಪದವಾಗಿದ್ದರೆ ಎಲ್145, ಮುಂದಿನ 'ಲೆ' ಬಿಟ್ಟರೆ ಬಿ452, ಇಂಗ್ಲಿಷರ ನಡುವೆ ಬಾಳಿ ಹೆಸರನ್ನೇ ವೈಟ್ ಅಂತ ಮಾಡಿಕೊಂಡವರು ಡಬ್ಲ್ಯೂ300. ಇದನ್ನೆಲ್ಲ ಸರಿ ಮಾಡಿಕೊಂಡೆವು. ಆದರೆ ನಮ್ಮ ನಿಜವಾದ ತೊಂದರೆ ತದ್ವಿರುದ್ಧದ್ದು. ಒಬ್ಬನಿಗೆ ಹತ್ತು ಕಾಗುಣಿತ ಇದ್ದರೆ ಸಂಭಾಳಿಸಬಹುದು, ಹತ್ತು ಜನಕ್ಕೆ ಒಂದೇ ಹೆಸರಿದ್ದರೆ ಏನು ಮಾಡುವುದು? ಗಂಡಸರೆಲ್ಲ ಜೋಸೆಫ್, ಪಿಯೆರ್, ಜಾಂ. ಹೆಂಗಸರೆಲ್ಲ ಮರೀ, ಆನ್, ಮಾರ್ಗರೀತ್. ನಮ್ಮ ಕ್ಲಾಸಿನಲ್ಲೇ ಮೂವರು ಅಭಿಷೇಕರಿದ್ದಾರೆ, ಉದ್ದ ಅಭಿ, ಬುಲೆಟ್ ಅಭಿ, ಬರೀ ಅಭಿ ಅಂತ ಕರೀತೀವಿ. ಅಕೇಡಿಯನ್ನರೂ ಅದನ್ನೇ ಮಾಡಿದರು. ಹೆಸರಿನ ಮುಂದೆ 'ದಿ' ಅಂತ ಬರೆದು ಅಡ್ಡಹೆಸರು ಸೇರಿಸಿದರು.

ಹೀಗೆ ಸಿಕ್ಕವನು ಜೋಸೆಫ್ ಲೆಬ್ಲಾಂ ದಿ ಲ ಮೇಗ್ರ. ಮೇಗ್ರ ಅಂದರೆ ಸಣಕಲ. 1697ರಲ್ಲಿ ಗ್ರಾಂ ಪ್ರೇಯಲ್ಲಿ ಹುಟ್ಟಿದವನು, ನೆನಪಿಟ್ಟುಕೊಳ್ಳಿ ಅಂದಿದ್ದೆವಲ್ಲ, ಆ ಅಂತ್ವಾನ್‌ನ ಮಗ. ಹೆಂಡತಿ ಆನ್ ಬೂರ್. 1744ರ ಯುದ್ಧದಲ್ಲಿ ಫ್ರೆಂಚರಿಗೆ ನೆರವಾದ, ಬ್ರಿಟಿಷರು ಹಿಡಿದು ಅನ್ನಾಪೊಲಿಸ್ ಕೋಟೆಯಲ್ಲಿ ಸಂಕೋಲೆ ಹಾಕಿ ಕೂಡಿದರು, ತಪ್ಪಿಸಿಕೊಂಡ. ಊರೂರು ಅಲೆದು ಕೊನೆಗೆ 1772ರಲ್ಲಿ ಫ್ರಾನ್ಸಿನ ಬೆಲ್ ಈಲ್ ದ್ವೀಪದಲ್ಲಿ ತೀರಿಕೊಂಡ. ಅಜ್ಜಿಗೆ ಅವರ ತಾತ ಹೇಳುತ್ತಿದ್ದ ಮಾತು ಒಂದಿತ್ತು: ನಮ್ಮದು ಇಂಗ್ಲಿಷರ ಜೈಲು ಮುರಿದವನ ರಕ್ತ ಅಂತ.

ಅಜ್ಜಿಯ ಹಾಳೆಯ ಪಟ್ಟಿ ಮೇಲಕ್ಕೆ ಹೋಗಿ ನಿಲ್ಲುವುದು ಗಡೀಪಾರಿನ ಗಲಾಟೆ ತಣಿದ ಮೇಲಿನ ಒಂದು ಮದುವೆಯಲ್ಲಿ. ಆ ದಾಖಲೆಯಲ್ಲಿ ವರನ ತಂದೆ ಜೋಸೆಫ್ ಲೆಬ್ಲಾಂ, ತಾಯಿ 'ಆನ್', ಅದರ ಮುಂದೆ ಮಸಿ ಚೆಲ್ಲಿದೆ. ಪ್ರೋಗ್ರಾಂ ಈ ಜೋಸೆಫನನ್ನು ಸಣಕಲ ಜೋಸೆಫನಿಗೆ ಜೋಡಿಸಿತು. ಹೆಂಡತಿ ಹೆಸರು ಆನ್, ವಯಸ್ಸು ತಾಳೆ, ಊರು ತಾಳೆ. ಜೊತೆಗೆ ತಾತನ ಮಾತು. ನಾವು ಕೂಗಿದ ಕೂಗಿಗೆ ಲ್ಯಾಬ್ ಅಟೆಂಡರ್ ಓಡಿ ಬಂದರು.

ವೈವಾದಲ್ಲಿ ಈ ಕಥೆ ಹೇಳಿಯೇ ಒಳ್ಳೇ ಮಾರ್ಕ್ಸ್ ತಗೊಂಡೆವು. ಅಜ್ಜಿಗೆ ಚಾರ್ಟ್ ಕಳಿಸಿದೆವು. ಅವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಅಡುಗೆಮನೆ ಗೋಡೆಗೆ ತೂಗುಹಾಕಿದರು. ಆಗಸ್ಟ್ 15ಕ್ಕೆ ಮನೆತನದವರೆಲ್ಲ ಸೇರುತ್ತಾರಂತೆ, ಆಗ ಎಲ್ಲರೆದುರು ಓದುತ್ತೇನೆ ಅಂದರು. ನಮ್ಮ ಸ್ವಾತಂತ್ರ್ಯ ದಿನವೇ ಅಕೇಡಿಯನ್ನರ ರಾಷ್ಟ್ರೀಯ ದಿನ. 1881ರಲ್ಲಿ ಮೊಂಕ್ಟನ್ ಪಕ್ಕದ ಮೆಮ್ರಾಮ್‌ಕುಕ್‌ನಲ್ಲಿ ಸಮ್ಮೇಳನ ಸೇರಿ ಆರಿಸಿಕೊಂಡ ದಿನ. ಅವತ್ತು ಪಾತ್ರೆ ಪಗಡೆ ಹಿಡಿದು ಬೀದಿಗಿಳಿದು ಬಡಿಯುತ್ತಾರೆ, ನಾವಿನ್ನೂ ಇದ್ದೀವಿ ಅಂತ ಸಾರೋಕೆ. ಅದಕ್ಕೆ ತಿಂತಮಾರ್ ಎಂದು ಹೆಸರು.

ಆಗಸ್ಟ್ ಮೊದಲ ವಾರ ಹಾಸನದವಳು ಕೋಡನ್ನು ಚೊಕ್ಕ ಮಾಡಿ ಜೂನಿಯರುಗಳಿಗೆ ಕೊಡೋಣ ಅಂತ ಕೂತಳು. ಮೂಲ ಟೇಬಲಿನಲ್ಲಿ ಒಂದು ಕಾಲಮನ್ನು ನಾವು ಮೊದಲ ದಿನವೇ ಕಿತ್ತು ಹಾಕಿದ್ದೆವು. 'ಷರಾ' ಅಂತ ಇತ್ತು, ಬಹುಪಾಲು ಖಾಲಿ, ಇದ್ದದ್ದೂ ಅರ್ಥವಾಗದ ಫ್ರೆಂಚ್. ಅವಳು ಅದನ್ನು ತೆರೆದು ನೋಡಿದಳು. ಆ ಮದುವೆಯ ಮುಂದೆ ಒಂದು ಸಾಲು ಇತ್ತು: ಮೂರನೇ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ ಕೊಡಲಾಗಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸೋದರಮಾವನ ಮಗಳು ಅಂದರೆ ಹಕ್ಕು, ಸಗೋತ್ರ ಅಂದರೆ ಹತ್ತು ಮೈಲಿ ದೂರ. ಅವರ ಚರ್ಚಿನ ಲೆಕ್ಕ ಬೇರೆ. ತಾಯಿ ಕಡೆ, ತಂದೆ ಕಡೆ ಎರಡೂ ಒಂದೇ. ಅಜ್ಜ ಒಬ್ಬನೇ ಆದರೆ ಎರಡನೇ ಹಂತ, ಮುತ್ತಜ್ಜ ಒಬ್ಬನೇ ಆದರೆ ಮೂರನೇ ಹಂತ, ಅದರ ಮೇಲಿನವನಾದರೆ ನಾಲ್ಕನೇ ಹಂತ. ನಾಲ್ಕರವರೆಗೂ ಪಾದ್ರಿಯಿಂದ ವಿನಾಯಿತಿ ಬೇಕು, ಅದು ರಿಜಿಸ್ಟರಿನಲ್ಲಿ ಬರೆದಿರಬೇಕು. ವಧು ತಾಯಿ ಕಡೆಯಿಂದ ಅಂತ್ವಾನ್‌ನ ಮೊಮ್ಮಗಳು ಅನ್ನುವುದು ಪಕ್ಕಾ ಇತ್ತು. ವರ ಸಣಕಲನ ಮಗನಾಗಿದ್ದರೆ ಅವನೂ ಅಂತ್ವಾನ್‌ನ ಮೊಮ್ಮಗ. ಅಜ್ಜ ಒಬ್ಬನೇ, ಎರಡನೇ ಹಂತ. ಪಾದ್ರಿ ಬರೆದದ್ದು ಮೂರು. ಅಂದರೆ ಇಬ್ಬರೂ ಕೂಡುವುದು ಅಂತ್ವಾನ್‌ನಲ್ಲಿ ಅಲ್ಲ, ಅವನ ಅಪ್ಪ ದಾನಿಯೆಲ್‌ನಲ್ಲಿ. ವರನ ಅಪ್ಪ ದಾನಿಯೆಲ್‌ನ ಬೇರೊಬ್ಬ ಮಗನ ಮನೆಯ ಜೋಸೆಫ್.

ನೆಟ್‌ವರ್ಕ್ಸ್ ಕ್ಲಾಸಿನಲ್ಲಿ ಪ್ಯಾರಿಟಿ ಬಿಟ್ ಓದಿದ್ದೆವು. ಸಂದೇಶದ ಜೊತೆಗೇ ತಪ್ಪು ಹಿಡಿಯುವ ಒಂದು ಬಿಟ್ ಕಳಿಸಿರುತ್ತಾರೆ. ಆ ಪಾದ್ರಿಯೂ ಕಳಿಸಿದ್ದರು. ನಾವು ಡ್ರಾಪ್ ಮಾಡಿದ್ದೆವು.

ಡಿಎನ್‌ಎ ಮಾಡಿಸಿ ನೋಡಬಹುದಲ್ಲ ಅಂತ ಬೆಂಗಳೂರಿನವನು ಕೇಳಿದ. ಅಜ್ಜಿಗೊಬ್ಬ ತಮ್ಮ ಇದ್ದಾರೆ, ನಿಜ. ಆದರೆ ಆ ಜೋಸೆಫರೆಲ್ಲ ದಾನಿಯೆಲ್‌ನ ಗಂಡುಮಕ್ಕಳ ಗಂಡುಮಕ್ಕಳು, ಎಲ್ಲರಲ್ಲೂ ಅದೇ ವೈ ಕ್ರೋಮೋಸೋಮು. ಅದರಿಂದ ಜೋಸೆಫರನ್ನು ಬೇರೆ ಮಾಡಲಾಗುವುದಿಲ್ಲ. ಹಾಸನದವಳ ಅಕ್ಕ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿ ಸ್ಟೀಫನ್ ವೈಟ್ ಅವರ ಅಕೇಡಿಯನ್ ಕುಟುಂಬಗಳ ನಿಘಂಟು ತೆಗೆದರು. 1999ರಲ್ಲಿ ಬಂದ ಎರಡು ದಪ್ಪ ಸಂಪುಟ, ಇಂಥ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ಥ ಪುಸ್ತಕ ಇಲ್ಲ. ಅದು 1714ರವರೆಗಿನ ಮನೆತನಗಳನ್ನು ಹೇಳಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಿಜಿಸ್ಟರು ಹಿಡಿದು ಎಲ್ಲ ಜೋಸೆಫರನ್ನೂ ಬರೆದು, ಕೂಡದವರನ್ನು ಹೊಡೆದು ಹಾಕುತ್ತಾ ಬಂದೆವು. ಕೊನೆಗೆ ಇಬ್ಬರು ಉಳಿದರು. ಇಬ್ಬರ ಹೆಂಡತಿಯರೂ ಆನ್.

ಆಗ ಶುರುವಾಯಿತು ಜಗಳ. ಮಾರ್ಕ್ಸ್ ಬಂದಾಗಿದೆ. ಅಜ್ಜಿ ಖುಷಿಯಾಗಿದ್ದಾರೆ. ಸಣಕಲನೇ ಆಗಲಿ ಇನ್ನೊಬ್ಬನೇ ಆಗಲಿ, ಮೇಲೆ ಹೋದರೆ ದಾನಿಯೆಲ್ ಸಿಗ್ತಾನೆ, ಕೇಳಿದ್ದು ಅದನ್ನೇ ತಾನೆ? ಹತ್ತು ದಿನದಲ್ಲಿ ಹಬ್ಬ. ಆಮೇಲೆ ಹೇಳಿದರಾಯ್ತು, ಅಥವಾ ಹೇಳದಿದ್ದರೂ ಆಯ್ತು. ಅಕ್ಕ ಕೂಡ ಹಿಂಜರಿದರು. 'ನಾನು ಅವರ ಮನೇಲಿ ಇರೋಳು ಕಣೇ, ನಿಮ್ಮ ತಾತ ಹೇಳಿದ್ದು ಸುಳ್ಳು ಅಂತ ಹೇಗೆ ಹೇಳ್ಲಿ' ಅಂದರು. ನಮ್ಮಲ್ಲಿ ಇಬ್ಬರು ಬೇಡ ಅಂದೆವು, ಇಬ್ಬರು ಹೇಳೋಣ ಅಂದೆವು. ಯಾರು ಯಾವ ಕಡೆ ಇದ್ದೆವು ಅಂತ ಇಲ್ಲಿ ಬರೆಯಬಾರದು ಅಂತ ಒಪ್ಪಂದ.

ಆದರೆ ಗದಗಿನವನು ಹೇಳಿದ್ದನ್ನು ಬರೆಯಬಹುದು. ಅವರ ಊರಿಗೆ ಹೆಳವರು ಬರುತ್ತಾರೆ. ಕಟ್ಟೆ ಮೇಲೆ ಕೂತು ಹೊತ್ತಿಗೆ ಬಿಚ್ಚಿ ಮನೆತನದ ಮೂಲಪುರುಷ ಯಾರು, ಎಲ್ಲಿಂದ ಬಂದ, ಯಾರಿಗೆ ಯಾರು ಹುಟ್ಟಿದರು ಅಂತ ಓದುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಕಡಿ ಇಸಿದು ಹೋಗುತ್ತಾರೆ. ಒಂದು ಸಲ ಇವರ ಮನೆ ಹೆಸರು ಓದುವಾಗ ಚಿಕ್ಕಂದಿನಲ್ಲೇ ತೀರಿಹೋದ ಒಬ್ಬ ಮಗುವಿನ ಹೆಸರನ್ನು ಹೆಳವ ಬಿಟ್ಟನಂತೆ. 'ನಮ್ಮಜ್ಜಿ ಅವಂಗ ಊಟಾನ ಹಾಕ್ಲಿಲ್ಲ ನೋಡ್ರಿ, ಮೊದ್ಲ ಬರಿ ಅಂದ್ಳು. ಎರಡು ವರ್ಷ ಬದುಕಿದ ಕೂಸು ಅದು. ಅದರ ಹೆಸರು ಬಿಟ್ಟಿದ್ರ ಯಾರಿಗ್ ಏನ್ ನಷ್ಟ ಆಗ್ತಿತ್ತು? ಆದ್ರೂ ಬರಸಿದ್ಳು.' ಅವನು ಇಷ್ಟೇ ಹೇಳಿ ಚಹಾ ಕುಡಿಯಲು ಎದ್ದು ಹೋದ. ಹಿಂದೆಯೇ ನಾವೂ ಹೋದೆವು. ಆ ಸಂಜೆ ಮೇಲ್ ಬರೆದೆವು.

ಗೈಡಿಗೂ ಬರೆದೆವು, ರಿಪೋರ್ಟಿನಲ್ಲಿ ಕೊಟ್ಟ ನಿಖರತೆಯ ಅಂಕಿ ನಂಬುವಂಥದ್ದಲ್ಲ ಅಂತ. ಅವರು ಬೈಯಲಿಲ್ಲ. ಕಿತ್ತ ಕಾಲಮನ್ನು ವಾಪಸ್ ಹಾಕಿ ಎಂಟನೇ ಸೆಮಿಸ್ಟರಿನಲ್ಲಿ ಮುಂದುವರಿಸಿ ಅಂದರು. ಬೈದಿದ್ದರೇ ಸಮಾಧಾನ ಆಗುತ್ತಿತ್ತೇನೋ.

ಅಜ್ಜಿಗೆ ಅಕ್ಕನೇ ಅಡುಗೆಮನೆಯಲ್ಲಿ ಕೂರಿಸಿ ಹೇಳಿದರು. ನಾವು ವಿಡಿಯೋದಲ್ಲಿ ಇದ್ದೆವು, ಮೈಕ್ ಆಫ್ ಮಾಡಿಕೊಂಡು. ಅಜ್ಜಿ ಬಹಳ ಹೊತ್ತು ಗೋಡೆ ನೋಡುತ್ತಾ ಕೂತರು. ಆಮೇಲೆ ಕೇಳಿದ್ದು ಎರಡೇ ಮಾತು: 'ಹಾಗಾದ್ರೆ ನಮ್ಮವನು ಯಾರು? ಅವನು ಏನು ಮಾಡಿದ?'

ಹೇಳೋಕೆ ನಮ್ಮ ಹತ್ತಿರ ಏನಿತ್ತು? ಮದುವೆಯ ಒಂದು ಸಾಲು. ಮಕ್ಕಳ ಜ್ಞಾನಸ್ನಾನದ ಕೆಲವು ಸಾಲು. ವಿನ್‌ಸ್ಲೋನ ಪಟ್ಟಿಯಲ್ಲಿ ಜೋಸೆಫ್ ಲೆಬ್ಲಾಂ ಅಂತ ಬರುವ ಹೆಸರುಗಳು, ಮುಂದೆ ಎತ್ತು ಹಸು ಕುರಿಗಳ ಸಂಖ್ಯೆ. ಅದರಲ್ಲಿ ಯಾವುದು ಇವನದು ಅಂತ ಆಣೆ ಮಾಡಿ ಹೇಳಲಾಗುವುದಿಲ್ಲ. ಜೈಲು ಇಲ್ಲ, ಸಂಕೋಲೆ ಇಲ್ಲ. ಒಡ್ಡು ಕಟ್ಟಿದ, ದನ ಸಾಕಿದ, ದನ ಬರೆದುಕೊಂಡರು, ಹಡಗು ಹತ್ತಿಸಿದರು ಅಥವಾ ಕಾಡಿಗೆ ಓಡಿದ. ಅಕ್ಕ ಇಷ್ಟನ್ನೇ ಹೇಳಿದರು. ಅಜ್ಜಿ ತಲೆಯಾಡಿಸಿ ಎದ್ದು ಒಲೆ ಹಚ್ಚಿದರು. ಕಾಲ್ ಕಟ್ಟಾಯಿತು.

ಎಂಟು ದಿನ ಆ ಕಡೆಯಿಂದ ಸುದ್ದಿಯಿಲ್ಲ. ಹದಿನೈದರಂದು ಬೆಳಿಗ್ಗೆ ನಾವು ಧ್ವಜಾರೋಹಣ ಮುಗಿಸಿ, ಲಾಡು ತಿಂದು, ಮಲಗಿ ಎದ್ದೆವು. ರಾತ್ರಿ ಹನ್ನೆರಡರ ಮೇಲೆ, ಅಲ್ಲಿ ಇನ್ನೂ ಮಧ್ಯಾಹ್ನ, ಅಕ್ಕನ ಫೋಟೋಗಳು ಬಂದವು. ಒಂದರಲ್ಲಿ ಅಜ್ಜಿ ಬೀದಿಯಲ್ಲಿ ನಿಂತು ಅಕ್ಕನ ಕುಕ್ಕರಿನ ಮುಚ್ಚಳಕ್ಕೆ ಸೌಟಿನಿಂದ ಬಡಿಯುತ್ತಿದ್ದಾರೆ. ಇನ್ನೊಂದು ಗೋಡೆಯ ಚಾರ್ಟು. ಗಾಜು ತೆಗೆದು, ಸಣಕಲನ ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಾರೆ. ಅದರ ಮೇಲೆ ಜೋಸೆಫ್, ಕೆಳಗೆ ಇನ್ನೊಂದು ಜೋಸೆಫ್. ಎರಡೂ ಪೆನ್ಸಿಲಿನಲ್ಲಿ.

ಜೊತೆಗೆ ಒಂದು ವಾಯ್ಸ್ ನೋಟ್. ಫ್ರೆಂಚಿನಲ್ಲಿ ಅಜ್ಜಿ ಏನೋ ಹೇಳಿ ಕೊನೆಗೆ ನಗುತ್ತಾರೆ. ಕೆಳಗೆ ಅಕ್ಕ ಟೈಪ್ ಮಾಡಿದ್ದರು: ಆ 'ಆನ್' ಮುಂದಿನ ಮಸಿಯ ಅಡಿ ಏನಿದೆ ನೋಡೋಕೆ ಆಗಲ್ವಾ ಅಂತ ಕೇಳ್ತಿದ್ದಾರೆ, ಅವಳ ತವರು ಗೊತ್ತಾದರೆ ಜೋಸೆಫ್ ಯಾರು ಅಂತ ಗೊತ್ತಾಗುತ್ತಲ್ಲ.

ಗೊತ್ತಾಗುತ್ತೆ. ಇದು ನಮಗೆ ಹೊಳೆದೇ ಇರಲಿಲ್ಲ. ಆ ಪುಟದ ಸ್ಕ್ಯಾನನ್ನು ಮತ್ತೆ ತೆರೆದಿದ್ದೇವೆ. ಕೆಂಪು, ಹಸಿರು, ನೀಲಿ ಚಾನೆಲ್ ಬೇರೆ ಬೇರೆ ಮಾಡಿ ನೋಡಿದರೆ ಮಸಿಯ ಅಂಚಿನಲ್ಲಿ ಒಂದು ಗೀಟು ಮೇಲಕ್ಕೆ ಹೋದ ಹಾಗೆ ಕಾಣುತ್ತದೆ. ಬಿ ಇರಬಹುದು ಅಂತ ಮೂವರು, ಎಲ್ ಅಂತ ಒಬ್ಬ. ಇಮೇಜ್ ಪ್ರೊಸೆಸಿಂಗ್ ಎಲೆಕ್ಟಿವ್ ತಗೊಂಡವರು ಯಾರಾದರೂ ಇದ್ದರೆ ಸಿ ಬ್ಲಾಕಿನ 214ಕ್ಕೆ ಬನ್ನಿ.